ಸಾಹೇಬರ ಎದುರು ಸೋಲಲು ಹೋದದ್ದು

ಗೆಲ್ಲುವುದು ಕಷ್ಟ, ಸೋಲುವುದು ಯಾರ ಕೈಯಲ್ಲಾದರೂ ಆಗುತ್ತದೆ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಆಗ ನಾನು ಎನ್. ಬೇಗೂರಿನಲ್ಲಿ ಮೇಷ್ಟ್ರು. ಕಾಡಾನೆಗಳು ನಮ್ಮ ಹಿತ್ತಲಿಗೆ ಬಂದು ಬಾಳೆ ಮುರಿದು ತಿನ್ನುತ್ತಿದ್ದವು. ಹುಣಸೂರಿನ ಹೆಣ್ಣಾದ ನನ್ನವಳು ಕೊನೆಗೊಂದು ದಿನ ಅಂತಿಮ ಎಚ್ಚರಿಕೆ ಕೊಟ್ಟಳು: "ಈ ಸಲ ನಮ್ಮೂರಿಗೆ ವರ್ಗ ಆಗ್ಲಿಲ್ಲ ಅಂದ್ರೆ ನಾನು ಅಪ್ಪನ ಮನೆಗೋಯ್ತೀನಿ ಕಣ್ರೀ. ನೀವು ಆನೆ ಜೊತೆ ಸಂಸಾರ ಮಾಡಿ."

ವರ್ಗ ಮಾಡಬೇಕಾದ ಸಾಹೇಬರಿಗೆ ಚದುರಂಗದ ಹುಚ್ಚು. ಹುಣಸೂರಿನ ಕ್ಲಬ್ಬಿನ ಪಂದ್ಯಕ್ಕೆ ನಾನೂ ಹೆಸರು ಕೊಟ್ಟೆ. ದೇವರ ದಯೆಯಿಂದ ಫೈನಲ್ಲಿನಲ್ಲಿ ಅವರೇ ಎದುರಾದರು. ಸೋತು ಅವರನ್ನು ಸಂತೋಷಪಡಿಸಿ, ಆ ಸಂತೋಷ ಆರುವ ಮೊದಲೇ ವರ್ಗದ ಅರ್ಜಿ ಕೈಗಿಡುವುದು ನನ್ನ ಯೋಜನೆ.

ನನಗೆ ಕಪ್ಪು ಕಾಯಿ ಬಂತು. ಸಾಹೇಬರು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಸಿಸಿಲಿಯನ್ ಎಂಬ ಆಟ ಬಹಳ ಅಪಾಯಕಾರಿ ಎಂದು ಎಲ್ಲೋ ಓದಿದ್ದೆ. ಯಾರಿಗೆ ಅಪಾಯ ಎಂಬುದನ್ನು ಓದಿರಲಿಲ್ಲ! ಮಂತ್ರಿಯ ಕಡೆಯ ಒಂಟೆಯ ಮುಂದಿದ್ದ ಕಾಲಾಳನ್ನು ಧೈರ್ಯವಾಗಿ ಎರಡು ಮನೆ ನೂಕಿದೆ. ಸಾಹೇಬರು "ಓಹೋ, ಸಿಸಿಲಿಯನ್ನು" ಎಂದು ನೆಟ್ಟಗೆ ಕೂತರು. ಆ ಕ್ಷಣದಿಂದ ಅವರ ಕಣ್ಣಿಗೆ ನಾನು ಮಹಾ ಪಂಡಿತನಾದೆ.

ಮುಂದೆ ಮಂತ್ರಿಯನ್ನೇ ಅವರ ಬಾಯಿಗಿಟ್ಟೆ. ಮುಟ್ಟಲಿಲ್ಲ. "ನಿಮ್ಮ ಬಲೆಗೆ ಬೀಳೋನು ನಾನಲ್ಲ, ಮೇಷ್ಟ್ರೇ" ಎಂದು ರಾಜನನ್ನು ಮೂಲೆಗೆ ಸರಿಸಿ, ಸುತ್ತ ತಮ್ಮದೇ ಕಾಯಿಗಳನ್ನು ಕಾವಲಿಗಿಟ್ಟರು. ಕುದುರೆಯನ್ನಾದರೂ ಹೊಡೆಯಲಿ ಎಂದು ಅದನ್ನು ಅವರ ಕೋಟೆಯೊಳಕ್ಕೇ ನುಗ್ಗಿಸಿದೆ. ಅದು ಅಲ್ಲಿಂದ ನೇರ ರಾಜನಿಗೇ ಚೆಕ್ ಕೊಟ್ಟಿತು. ಅದನ್ನು ಹೊಡೆಯಲು ಅವರ ಯಾವ ಕಾಯಿಗೂ ಆಗದು. ರಾಜನಿಗೆ ಅಲುಗಾಡಲು ಜಾಗವಿಲ್ಲ. ಕ್ಲಬ್ಬಿನ ಕಾರ್ಯದರ್ಶಿಗಳು ಬಗ್ಗಿ ನೋಡಿ, ಮೆಲ್ಲಗೆ "ಚೆಕ್‌ಮೇಟ್, ಮೇಷ್ಟ್ರು ಗೆದ್ರು" ಎಂದರು.

ನನಗೆ ಅಳು ಬಂತು. ಸಾಹೇಬರಿಗೆ ಮಾತ್ರ ಸಿಟ್ಟು ಬರಲಿಲ್ಲ. ನಾನು ಕೊಟ್ಟ ಅರ್ಜಿಯನ್ನು ಪೂರ್ತಿ ಓದಿ, ಮಡಿಸಿ, ನನ್ನ ಜೇಬಿಗೇ ಹಾಕಿದರು. "ಕಾಡಿನ ಏಕಾಂತದಲ್ಲಿ ನಿಮ್ಮ ಬುದ್ಧಿ ಇಷ್ಟು ಚುರುಕಾಗಿದೆ. ಅದನ್ನ ಪೇಟೆಗೆ ತಂದು ಕೆಡಿಸೋ ಪಾಪ ನನಗೆ ಬೇಡ" ಎಂದರು. ಬಹುಮಾನವಾಗಿ ಮೂರು ಸೆಲ್ಲಿನ ಟಾರ್ಚು ಸಿಕ್ಕಿತು.

ನನ್ನವಳು ಎಲ್ಲವನ್ನೂ ಕೇಳಿಸಿಕೊಂಡಳು. "ಸೋಲೋ ಕೆಲ್ಸಾನೂ ನೆಟ್ಟಗೆ ಮಾಡಕ್ಕೆ ಬರಾಕಿಲ್ವಲ್ರೀ ನಿಮ್ಗೆ" ಎಂದು ಟ್ರಂಕಿಗೆ ಸೀರೆ ತುಂಬತೊಡಗಿದಳು.

ಆನೆ ಓಡಿಸಲು ಇದಾದರೂ ಆದೀತು ಎಂದು ಟಾರ್ಚಿನ ಗುಂಡಿ ಒತ್ತಿದೆ. ಒಳಗೆ ಸೆಲ್ಲುಗಳೇ ಇರಲಿಲ್ಲ. ಸೆಲ್ಲು ಬೇಕೆಂದರೆ ಹುಣಸೂರಿಗೇ ಹೋಗಬೇಕು. ಹೇಗೂ ಹೊರಟಿದ್ದಳಲ್ಲ, ತರಲು ಅವಳಿಗೇ ಹೇಳಿದೆ!