ಕೋಳಿ ಮಂಕರಿ ಮೇಲಿದ್ದ ಹೆಡ್ಡು

ಹಳೇ ಕಾರು ರಿಪೇರಿ ಮಾಡೋನ ಹಣೇಲಿ ನೆಮ್ಮದಿ ಅನ್ನೋದು ಬರೆದಿಲ್ಲ ಕಣ್ರೀ. ಕಾರಿನ ಕಾಟ ಒಂದು ಪಾಲಾದ್ರೆ ಕಾರಿನ ಮನೆಯೋರ ಕಾಟ ಮೂರು ಪಾಲು. ತೊಂಬತ್ತರ ದಶಕದಲ್ಲಿ ನಾನು ಹೊಳೆನರಸೀಪುರದಲ್ಲಿ ಗ್ಯಾರೇಜ್ ಇಟ್ಟಿದ್ದಾಗ ಒಬ್ಬ ರಿಟೈರ್ಡ್ ಮೇಷ್ಟ್ರ ಅಂಬಾಸಿಡರ್ ಕೆಟ್ಟು ಕೂತಿತ್ತು. ಅವರಪ್ಪನ ಕಾಲದ್ದು. ನೀರಿಲ್ಲದೆ ಓಡಿಸಿ, ಎಂಜಿನ್ನಿಗೆ ಮೇಲ್ಗಡೆ ಮುಚ್ಚಳದ ಹಂಗೆ ಕೂರೋ ಸಿಲಿಂಡರ್ ಹೆಡ್ಡು ಸೀಳು ಬಿಟ್ಟಿತ್ತು. ಮೇಷ್ಟ್ರ ಹೆಂಡತಿ, ಊರೆಲ್ಲ ಅಮ್ಮಾವ್ರು ಅಂತಿದ್ವಿ, ಖಡಾಖಂಡಿತವಾಗಿ ಹೇಳಿಬಿಟ್ಟಿದ್ರು: ವಿಜಯದಶಮಿ ಬೆಳಿಗ್ಗೆ ಹಾಸನದಿಂದ ಗುಜರಿಯವನು ಬರ್ತಾನೆ, ಅಷ್ಟರಲ್ಲಿ ಸ್ಟಾರ್ಟ್ ಆದ್ರೆ ಕಾರು ಇರುತ್ತೆ, ಇಲ್ಲದಿದ್ರೆ ಹೋಗುತ್ತೆ. ಮೇಷ್ಟ್ರ ಮುಖ ನೋಡಿ ನಾನು ಕೆಲಸ ಒಪ್ಕೊಂಡೆ.

೧. ಅಜ್ಜಿಯ ತಪಾಸಣೆ

ಬೇರೆ ಹೆಡ್ಡು ಹುಡುಕ್ತಾ ಹೋದ್ರೆ ಚನ್ನರಾಯಪಟ್ಟಣದಲ್ಲಿ ಒಂದಿತ್ತು, ಅದರ ತೂತು ನಮ್ಮ ಎಂಜಿನ್ನಿಗೆ ಕೂರ್ತಿರಲಿಲ್ಲ. ಹಾಸನದಲ್ಲಿದ್ದದ್ದನ್ನ ತುಕ್ಕು ತಿಂದಿತ್ತು. ಕೊನೆಗೆ ಅರಕಲಗೂಡಿನಲ್ಲಿ, ಹಿಂದೆ ಟ್ಯಾಕ್ಸಿ ಇಟ್ಟಿದ್ದೋರ ಹಿತ್ತಲಲ್ಲಿ ಒಳ್ಳೇದು ಸಿಕ್ತು. ಈಚಿನ ಎಂಜಿನ್ನಿನದು, ವಾಲ್ವು ದೊಡ್ಡವು. ಆದ್ರೆ ಅದು ಕೋಳಿ ಮಂಕರಿ ಮೇಲೆ ಕೂತಿತ್ತು, ಬೆಕ್ಕು ಮಗುಚದೇ ಇರಲಿ ಅಂತ ಭಾರಕ್ಕೆ.

ಮನೆಯ ಅಜ್ಜಿ ಅದನ್ನ ಕೊಡೋಕೆ ಸುತರಾಂ ಒಪ್ಪಲಿಲ್ಲ. ನಾನು ಉಪಾಯ ಮಾಡಿ ಮೇಷ್ಟ್ರ ಹಳೇ ಹೆಡ್ಡನ್ನ ಹೊತ್ಕೊಂಡು ಹೋಗಿ, ಭಾರ ಎರಡೂ ಒಂದೇ, ಬದಲಾಯಿಸ್ಕೊಳ್ಳಿ ಅಂದೆ. ಅಜ್ಜಿ ಬಗ್ಗಿ ಬೆರಳಾಡಿಸಿ ನೋಡ್ತು.

"ಸೀಳು ಬಿಟ್ಟೈತಲ್ಲಪ್ಪ ಇದು. ನಮ್ ಕೋಳಿಗೆ ಇಂತಾದ್ದು ಆಗಾಕಿಲ್ಲ, ಓಗು."

ಒಂದು ಲಾರಿಯ ಬ್ರೇಕ್ ಡ್ರಮ್ಮು ಕೊಟ್ಟ ಮೇಲೇ ಹೆಡ್ಡು ಕೈಗೆ ಬಂದಿದ್ದು. ಅದನ್ನೂ ಅಜ್ಜಿ ತಟ್ಟಿ ತಟ್ಟಿ ನೋಡ್ಕೊಂಡು ಒಳಗಿಟ್ಕೊಳ್ತು.

೨. ಹಿಟ್ಟಿನ ಉಂಡೆ

ಹಾಸನದ ಲೇತಿನಲ್ಲಿ ಹೆಡ್ಡಿನ ತಳ ತೇಯಿಸಿದ್ವಿ. ತೇದಷ್ಟೂ ಎಂಜಿನ್ನಿಗೆ ಎಳೆತ ಜಾಸ್ತಿ. ಮೇಷ್ಟ್ರು ಪಕ್ಕದಲ್ಲೇ ನಿಂತು, ಇನ್ನೊಂಚೂರು, ಇನ್ನೊಂಚೂರು ಅಂತಾನೇ ಇದ್ರು. "ಸಾ, ಇನ್ನೂ ತೇದ್ರೆ ಇದು ಹೆಡ್ ಆಗಿರಾಕಿಲ್ಲ, ತಟ್ಟೆ ಆಯ್ತದೆ," ಅಂದ ಲೇತಿನವನು.

ನನಗೆ ಇನ್ನೊಂದು ಚಿಂತೆ. ತೇದ ಹೆಡ್ಡು, ಜೊತೆಗೆ ದೊಡ್ಡ ವಾಲ್ವು. ವಾಲ್ವು ಹೋಗಿ ಪಿಸ್ಟನ್ನಿಗೆ ಗುದ್ದಿದ್ರೆ ಎಂಜಿನ್ ಪುಡಿಪುಡಿ. ಅದನ್ನ ಪರೀಕ್ಷೆ ಮಾಡೋಕೆ ಪಿಸ್ಟನ್ ಮೇಲೆ ಮೆತ್ತನೆ ಉಂಡೆ ಇಟ್ಟು, ಹೆಡ್ಡು ಕೂರಿಸಿ, ಎಂಜಿನ್ನನ್ನ ಕೈಯಲ್ಲಿ ತಿರುಗಿಸಬೇಕು. ಆಮೇಲೆ ಬಿಚ್ಚಿ ನೋಡಿದ್ರೆ, ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಜಾಗ ಇದೆ ಅಂತ ಲೆಕ್ಕ. ಕೆಲಸ ಮೇಷ್ಟ್ರ ಮನೆ ಅಂಗಳದಲ್ಲೇ ನಡೀತಿತ್ತಲ್ಲ, ಅಮ್ಮಾವ್ರ ಹತ್ರ ಚಪಾತಿ ಹಿಟ್ಟು ಕೇಳಿದೆ. ಯಾಕೆ ಅಂತಾನೂ ಹೇಳಿದೆ.

ಅವರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ್ರು. "ಇಷ್ಟು ವರ್ಷ ಪೆಟ್ರೋಲ್ ಕುಡಿಸಿದ್ದು ಸಾಲದು ಅಂತ ಇನ್ನು ಊಟಾನೂ ಹಾಕಬೇಕಾ?"

ಹಿಟ್ಟು ಸಿಕ್ತು, ಜಾಗಾನೂ ಇತ್ತು. ಆ ರಾತ್ರಿ ಮೇಷ್ಟ್ರಿಗೆ ಮಾತ್ರ ಒಂದು ಚಪಾತಿ ಕಮ್ಮಿ ಬಿತ್ತಂತೆ.

೩. ಗೇಟಿನಲ್ಲಿ ಗುಜರಿಯವನು

ಆಯುಧಪೂಜೆ ದಿನ ಹೆಡ್ಡು ಕೂರಿಸಿಬಿಡೋಣ ಅಂತ ಓಡಿ ಬಂದ್ರೆ, ನನ್ನ ಸ್ಪ್ಯಾನರ್‌ಗಳೂ ಹೆಡ್ಡೂ ದೇವರ ಮುಂದೆ ಅರಿಶಿನ ಕುಂಕುಮ ಹಚ್ಕೊಂಡು ಕೂತಿದ್ವು. ಪೂಜೆಗಿಟ್ಟ ಆಯುಧ ಮಾರನೇ ದಿನದವರೆಗೂ ಮುಟ್ಟೋ ಹಂಗಿಲ್ಲ. ನಾನು ಎಷ್ಟು ರೇಗಿದ್ರೂ ಮೇಷ್ಟ್ರು ಜಗ್ಗಲಿಲ್ಲ, ಶಾಸ್ತ್ರ ಅಂದ್ರೆ ಶಾಸ್ತ್ರ ಅಂದ್ರು.

ವಿಜಯದಶಮಿ ಬೆಳಿಗ್ಗೆ ಗುಜರಿಯವನು ಹಗ್ಗ ಹಿಡಿದು ಗೇಟಿನಲ್ಲಿ ನಿಂತಿರೋವಾಗಲೇ ಕುಂಕುಮ ಒರೆಸಿ ಹೆಡ್ಡು ಬಿಗಿದೆ. ಸೆಲ್ಫ್ ಹೊಡೆದ್ರೆ ಬರೀ ಕೆಮ್ಮು. ನೋಡಿದ್ರೆ ಎರಡು ಸಿಲಿಂಡರಿನಲ್ಲಿ ಒತ್ತಡವೇ ಇಲ್ಲ. "ಕಟ್ಲಾ ಸಾ?" ಅಂದ ಗುಜರಿಯವನು. ಮೇಷ್ಟ್ರು ಸ್ಟೀರಿಂಗ್ ಬಿಡದೆ ಕೂತಿದ್ರು, ಕಣ್ಣಲ್ಲಿ ನೀರು.

ಬೆವರು ಸುರಿಸ್ಕೊಂಡು ಹೆಡ್ಡು ಮತ್ತೆ ಬಿಚ್ಚಿದೆ. ವಾಲ್ವು ಮುಚ್ಚೋಕೆ ಬಿಡದ ಹಂಗೆ ಸಂದಿಯಲ್ಲಿ ಹಳದಿ ಅಕ್ಕಿಕಾಳು. ಅಕ್ಷತೆ! ನನಗೆ ಪಿತ್ತ ನೆತ್ತಿಗೇರಿತು. ಇದನ್ನ ಬದುಕಿಸೋಕೆ ನಾನು ಸಾಯ್ತಿದ್ರೆ ನೀವೇ ಇದರ ಬಾಯಿಗೆ ಅಕ್ಕಿಕಾಳು ಹಾಕಿದ್ದೀರಲ್ಲ ಮೇಷ್ಟ್ರೇ, ಅಂದೆ. ಮೇಷ್ಟ್ರು ದೇವರಾಣೆ ಮಾಡಿ, ತಾವು ಮಂಗಳಾರತಿ ಮಾತ್ರ ಎತ್ತಿದ್ದು ಅಂದ್ರು.

ಜಗಲಿ ಮೇಲಿದ್ದ ಅಮ್ಮಾವ್ರು ಸೆರಗು ಸರಿ ಮಾಡ್ಕೊಂಡು ಬೀದಿ ಕಡೆ ನೋಡ್ತಾ ಹೇಳಿದ್ರು: "ನಾನೇ ಹಾಕಿದ್ದು. ಸ್ಟಾರ್ಟ್ ಆಗಲಿ ಅಂತ."

ಅಕ್ಕಿ ಕೆರೆದು ತೆಗೆದು, ಹೆಡ್ಡು ಬಿಗಿದು ಸೆಲ್ಫ್ ಹೊಡೆದ್ರೆ ಎಂಜಿನ್ ಒಂದೇ ಏಟಿಗೆ ಹಿಡೀತು. ಗುಜರಿಯವನು ಹಗ್ಗ ಸುತ್ಕೊಂಡು ಹೊರಟ. ಅಷ್ಟೊತ್ತಿಗಾಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ ಅಮ್ಮಾವ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನನ್ನ ಕರೆದ್ರು.

"ಹಬ್ಬದ ದಿನ ಬಂದೋರು ಬರಿಗೈಲಿ ಹೋಗಬಾರದಪ್ಪ. ಹಿತ್ತಲಲ್ಲಿ ನಮ್ಮ ಯಜಮಾನ್ರ ಸೈಕಲ್ ಇದೆ, ತಗೊಂಡು ಹೋಗು."