ಸೋಡಿಯಂ ಪಕ್ಕದ ಖಾಲಿ ಜಾಗ

ನಮ್ಮ ಮಾಮುವನ್ನು, ಅಂದರೆ ಅಮ್ಮಿಯ ಅಣ್ಣನನ್ನು, ಮದುವೆ ಮನೆಗೆ ಕರೆಯುವುದೂ ಒಂದೇ, ಬೆಂಕಿಕಡ್ಡಿಯನ್ನು ಜೇಬಿನೊಳಗೇ ಗೀರುವುದೂ ಒಂದೇ! ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ನಾವೆಲ್ಲ ಉರ್ದು ಆಡಿದರೂ ಅವರ ಬಾಯಿಂದ ರಸಾಯನಶಾಸ್ತ್ರ ಕನ್ನಡದಲ್ಲೇ ಬರುತ್ತದೆ. ಅದೂ ಎಲ್ಲಿ ಬರಬಾರದೋ ಅಲ್ಲಿ.

ಮಾಮು ಹೇಳುವ ಪ್ರಕಾರ, ರಷ್ಯಾದ ಗಡ್ಡದ ಪಂಡಿತನೊಬ್ಬ ಮೂಲವಸ್ತುಗಳನ್ನು ತೂಕ, ಗುಣ ನೋಡಿ ಸಾಲಾಗಿ ಕೂರಿಸಿದನಂತೆ. "ಹೊಂದೋದು ಸಿಗಲಿಲ್ಲಂದ್ರ ಮನಿ ಖಾಲಿ ಬಿಟ್ಟ ನೋಡ್ರಿ! ಅಲ್ಲಿಗಿ ಬರೋದು ಎಷ್ಟು ತೂಕ, ಎಂಥ ಸ್ವಭಾವ, ಎಲ್ಲಾ ಮೊದ್ಲ ಹೇಳಿದ. ಆಮ್ಯಾಲ ಒಂದೊಂದಾ ಸಿಕ್ಕವು!" ಇದನ್ನು ಕೇಳುತ್ತ ಬಸ್ ಕಂಡಕ್ಟರನೊಬ್ಬ ಸಗರ ಊರು ದಾಟುವವರೆಗೂ ಟಿಕೆಟ್ ಕೊಡುವುದನ್ನೇ ಮರೆತಿದ್ದ.

ನನಗೆ ಹೆಣ್ಣು ನೋಡಲು ಶಹಾಪುರಕ್ಕೆ ಹೋದಾಗ ಹುಡುಗಿಯ ತಂದೆ ಮರ್ಯಾದೆಯಿಂದ ಕೇಳಿದರು, "ಹುಡುಗ ಹ್ಯಾಂಗ್ರಿ ಸ್ವಭಾವದಾಗ?"

ಮಾಮು ಥಟ್ಟನೆ ಅಂದರು, "ಸೋಡಿಯಂ ರಿ! ಸೀಮೆಎಣ್ಣಿಯೊಳಗ ಇಟ್ರ ಭಾಳ ಶಾಂತ. ನೀರು ತಾಕ್ತೋ, ಭಗ್ ಅಂತಾನ!"

ನಾನು ನಾಚಿಕೆಯಿಂದ ಜಮಖಾನೆಯ ಹೂವುಗಳನ್ನೇ ದಿಟ್ಟಿಸುತ್ತಿದ್ದೆ. ಹುಡುಗಿಯ ತಂದೆ ನನ್ನ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಆಚೆ ಸರಿಸಿದರು! ಆದರೂ ಹೆಣ್ಣು ಕೊಟ್ಟದ್ದು ಅವರ ದೊಡ್ಡ ಮನಸ್ಸು.

ಅವತ್ತೇ ನಾವೊಂದು ಸುಳ್ಳು ಹೇಳಿದ್ದೆವು, ನಾನು ಒಬ್ಬನೇ ಮಗ ಎಂದು. ಅಬ್ಬಾಗೆ ಒಪ್ಪಿಗೆಯಿಲ್ಲದ ಹುಡುಗಿಯನ್ನು ಮದುವೆಯಾಗಿ ಯಾದಗಿರಿ ಸೇರಿದ್ದ ಅಣ್ಣನ ಹೆಸರೆತ್ತಿದರೆ ಅಬ್ಬಾ ಊಟ ಬಿಟ್ಟು ಏಳುತ್ತಿದ್ದರು. ಮಾಮು ಆಗ ಕೆಮ್ಮಿ ಸುಮ್ಮನಾದರು. ಅವರು ಸುಮ್ಮನಾದರೆ ಹೆದರಬೇಕೆಂದು ನನಗೆ ಹೊಳೆಯಬೇಡವೇ?

ಮದುವೆಯಾಯಿತು. ಮರುದಿನ ನಮ್ಮ ಮನೆಯಲ್ಲಿ ವಲೀಮಾ, ಗಂಡಿನ ಕಡೆಯವರು ಹಾಕಿಸುವ ಊಟ. ನೆಲಕ್ಕೆ ದಸ್ತರಖಾನದ ಊಟದ ಬಟ್ಟೆ ಹಾಸಿ, ಅದರ ಸುತ್ತ ಜನರನ್ನು ಕೂರಿಸುವ ಕೆಲಸವನ್ನು ಮಾಮು ತಾವೇ ಹೊತ್ತುಕೊಂಡರು. ಯಾರೊಂದಿಗೂ ಬೆರೆಯದ ವಕೀಲ ಬಂಧುಗಳನ್ನು ಜಡ ಅನಿಲಗಳೆಂದು ತುದಿಗೆ ತಳ್ಳಿದರು. ನನ್ನ ಪಕ್ಕದ ಜಾಗ ಮಾತ್ರ ಖಾಲಿ. ಸಾಲು ತುಂಬದೆ ನಮ್ಮಲ್ಲಿ ಬಿರಿಯಾನಿ ಬಡಿಸುವುದಿಲ್ಲ. ಅಡುಗೆಯವನು ಸೌಟು ಹಿಡಿದು ಗೊಣಗತೊಡಗಿದ. ಪಾಪ, ಬೀಗರೇ ಅಲ್ಲಿ ಕೂರಲು ಬಗ್ಗಿದರು.

"ಏಳ್ರಿ, ಏಳ್ರಿ!" ಮಾಮು ಕೂಗಿದರು. "ಅದು ಖಾಲಿ ಇಲ್ರಿ. ಇನ್ನಾ ಸಿಕ್ಕಿಲ್ಲ, ಅಷ್ಟ!"

"ಯಾರು ರಿ?"

"ಇವನದ ಖಾನದಾನ! ಇವನಕಿಂತ ತೂಕ ಜಾಸ್ತಿ, ಸಿಟ್ಟೂ ಜಾಸ್ತಿ. ನಕ್ರ ಎಡಗಲ್ಲಕ್ಕ ಕುಳಿ ಬೀಳ್ತದ. ಇದ್ದಾನ್ರಿ ಅಂವ, ಇದ್ದಾನ!"

ಬೀಗರು ನನ್ನತ್ತ ತಿರುಗಿದರು. "ಒಬ್ಬನೇ ಮಗ ಅಂದಿದ್ರಲ್ಲ?"

ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು. ಇಡೀ ಸಾಲು ಅಬ್ಬಾರನ್ನು ನೋಡಿತು. ಇನ್ನೇನು ಎದ್ದು ಹೋಗುತ್ತಾರೆ ಎಂದುಕೊಂಡೆ.

ಅಬ್ಬಾ ಏಳಲಿಲ್ಲ. ತಲೆಯೆತ್ತದೆ, ಮಾಮುವಿನ ಕನ್ನಡದಲ್ಲೇ ಹೇಳಿದರು, "ತೂಕ ತಪ್ಪು ಹೇಳಿದ್ರಿ, ಮಾಸ್ತರ. ಭಾಳ ಸೊರಗ್ಯಾನ. ಶುಕ್ರವಾರಕ್ಕೊಮ್ಮಿ ಯಾದಗಿರಿಗಿ ಹೋಗಿ, ಮಸೀದಿ ಕಂಬದ ಹಿಂದ ನಿಂತು ನೋಡಿ ಬರ್ತೀನಿ."

ಅಬ್ಬಾ ಕಂಬದ ಹಿಂದಾದರೂ ನಿಂತಿದ್ದರು. ನಾನು ಅಷ್ಟೂ ಮಾಡಿರಲಿಲ್ಲ. ಮಾಮು ಕನ್ನಡಕ ತೆಗೆದು ಒರೆಸುತ್ತ ಕೂತರು.

ಬೀಗರು ಅಡುಗೆಯವನಿಗೆ ಕೈ ತೋರಿಸಿದರು. "ಬಿರಿಯಾನಿ ಮುಚ್ಚಪಾ. ಯಾದಗಿರಿ ಏನು ದೂರ? ಸಾಲು ತುಂಬಲಿ."

ನಾನು ತಗ್ಗಿಸಿದ ತಲೆಯನ್ನು ಎತ್ತದೆಯೇ ಅಣ್ಣನಿಗೆ ಫೋನ್ ಹಚ್ಚಿದೆ.