ಪಂಪಣ್ಣನ ಡಬಲ್ ರೊಟ್ಟಿ

ನನ್ನ ಗೆಳೆಯ ಪಂಪಣ್ಣ ಹೋದ ಸೋಮವಾರ ತೀರಿಕೊಂಡ. ಎದೆನೋವಿತ್ತು. ಸಂಜೆ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಶಹಾಪುರದ ಶಾಲೆಯಲ್ಲಿ ಅವನೂ ನಾನೂ ಒಂದೇ ಕೋಣೆಯ ಎರಡು ಮೂಲೆಗಳಲ್ಲಿ ಪಾಠ ಮಾಡಿದವರು. ಶಾಲೆಯ ಸಂತಾಪ ಸಭೆಯಲ್ಲಿ ಎಲ್ಲರೂ ಅವನ ಶಿಸ್ತು, ಸಮಯಪಾಲನೆ, ಸರಳತೆಗಳ ಬಗ್ಗೆ ಮಾತನಾಡಿದರು. ನನ್ನ ಸರದಿ ಬಂತು. ಎದ್ದು ನಿಂತೆ. ನೆನಪಾದದ್ದು ಹಿಟ್ಟು! ಬೋಗುಣಿಯಲ್ಲಿ ಉಬ್ಬಿ ನಿಂತ ಹಿಟ್ಟಿನ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದಿದ್ದ ಪಂಪಣ್ಣ! ನಗು ಬಂತು, ಅದರ ಹಿಂದೆಯೇ ಇನ್ನೊಂದೂ ಬಂತು, ಕುಳಿತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದುವಾಗ ಧಾರಾಳವಾಗಿ ನಗಬಹುದು. ಅವನಿದ್ದರೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಿದ್ದ.

ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿದ್ದ ಕಾಲ. ಉರ್ದುವಿನಲ್ಲಿ ನಡೆಯುತ್ತಿದ್ದ ಶಾಲೆ ಕನ್ನಡಕ್ಕೆ ಹೊರಳುತ್ತಿತ್ತು. ನಿನ್ನೆಯ ತನಕ ‘ತಫ್ರೀಕ್’ ಎಂದು ಕಳೆಯುತ್ತಿದ್ದ ಹುಡುಗರಿಗೆ ‘ಇವತ್ತಿನಿಂದ ವ್ಯವಕಲನ’ ಎಂದು ಹೇಳುತ್ತಿದ್ದೆವು. ಯಾವ ಭಾಷೆಯಲ್ಲಿ ಕಳೆದರೂ ಅವರ ಉತ್ತರ ಮಾತ್ರ ತಪ್ಪೇ ಬರುತ್ತಿತ್ತು!

ಆ ಮಳೆಗಾಲದಲ್ಲಿ ಪಂಪಣ್ಣನ ಹೆಂಡತಿ ಗೊಲ್ಲಾಳಮ್ಮನಿಗೆ ವಿಷಮಜ್ವರ ಬಂತು. ಜ್ವರವೇನೋ ಇಳಿಯಿತು, ಹಸಿವನ್ನೂ ಜೊತೆಗೆ ಒಯ್ದಿತು. ಯಾದಗಿರಿಯ ಡಾಕ್ಟರು, “ಜೋಳದ ರೊಟ್ಟಿ ಮುಟ್ಟಿಸಬೇಡಿ. ಹಾಲಿನಲ್ಲಿ ನೆನೆಸಿದ ಡಬಲ್ ರೊಟ್ಟಿ ಕೊಡಿ. ಹೊಟ್ಟೆಗೆ ಏನೂ ಹೋಗದಿದ್ದರೆ ಆಮೇಲೆ ನನ್ನನ್ನು ಕೇಳಬೇಡಿ” ಎಂದು ಹೇಳಿ ಕಳಿಸಿದರು. ಡಬಲ್ ರೊಟ್ಟಿ ಎಂದರೆ ಬ್ರೆಡ್ಡು; ಅದು ರೈಲಿನಲ್ಲಿ ಯಾದಗಿರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರಬೇಕು. ಆ ವರ್ಷದ ಮಳೆಯ ಕಥೆ ಕೇಳಬೇಡಿ. ಮಿರಗ ಒಣಗಿಸಿತು, ಆರಿದ್ರಾ ಆಸೆ ತೋರಿಸಿ ಓಡಿತು. ಕೊನೆಗೆ ಉತ್ತರಿ ಮಳೆ, ಹಿಂದಿನ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ತೀರಿಸುವಂತೆ ಸುರಿದು ಭೀಮಾ ಹೊಳೆ ತುಂಬಿಸಿತು. ಬಸ್ಸು ಆಚೆ ದಡದಲ್ಲೇ ನಿಂತಿತು. ಅದು ಈಚೆ ಬರುವಷ್ಟರಲ್ಲಿ ಡಬಲ್ ರೊಟ್ಟಿಯ ಮೇಲೆ ಹಸಿರು ಬೂಸಲು ಬೆಳೆದಿತ್ತು. ನಮ್ಮ ಹೊಲಗಳಲ್ಲಿ ಇರದ ಹಸಿರು!

ಪಂಪಣ್ಣ ಆ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಪ್ರತಿಜ್ಞೆ ಮಾಡಿದ.

“ಭಗವಂತಾ, ರೊಟ್ಟಿ ಯಾದಗಿರಿಯಿಂದ ಯಾಕ ಬರಬೇಕು? ನಮ್ಮ ಹಿತ್ತಲಾಗ ಹುಟ್ಟಿಸ್ತೀನಿ! ನಿಜಾಮನ ರಾಜ್ಯನೇ ಹೋತು, ನನ್ನ ಕೈಲೆ ಒಂದು ಡಬಲ್ ರೊಟ್ಟಿ ಆಗಂಗಿಲ್ಲೇನು?”

“ಆಗ್ತದ ತಗೋ. ನಾ ಓದಿ ಹೇಳ್ತೀನಿ, ನೀ ಮಾಡು” ಎಂದೆ. ಊರಿನಲ್ಲಿ ಹೆಚ್ಚು ಓದಿದವನೆಂದು ನನಗೆ ಹೆಸರಿತ್ತು. ಆ ಹೆಸರು ಇನ್ನು ಕೆಲವೇ ದಿನ ಬಾಳುವಂಥದ್ದೆಂದು ಆಗ ಗೊತ್ತಿರಲಿಲ್ಲ.

ನನ್ನ ಇಂಗ್ಲಿಷ್ ಪುಸ್ತಕದಲ್ಲಿ ಹಿಟ್ಟು ಉಬ್ಬಲು ಈಸ್ಟ್ ಬೇಕೆಂದಿತ್ತು. ಈಸ್ಟ್ ಎಂದರೆ ಕಣ್ಣಿಗೆ ಕಾಣದ ಜೀವಿ ಎಂದಿತ್ತು. ಕಣ್ಣಿಗೆ ಕಾಣದ್ದನ್ನು ಶಹಾಪುರದ ಯಾವ ಅಂಗಡಿಯಲ್ಲಿ ಕೇಳುವುದು? ನಮ್ಮ ಚರ್ಚೆ ಹಿತ್ತಲ ಗೋಡೆ ದಾಟಿ ಪಕ್ಕದ ಮನೆಯ ಮಕ್ತುಂಬಿಯ ಕಿವಿ ಮುಟ್ಟಿತು. ಗೋಡೆಯ ಮೇಲೆ ಅವಳ ತಲೆ ಮೂಡಿತು.

“ಅರೇ ಮಾಸ್ತರ, ಹೈದ್ರಾಬಾದಿನಾಗ ನಮ್ಮ ಮಾಮೂಂದು ರೊಟ್ಟಿ ಭಟ್ಟಿ ಇತ್ತು. ಹಿಟ್ಟಿಗೆ ಸೇಂದಿ ಹಾಕ್ತಿದ್ದ. ಹಿಂಗ ಉಬ್ಬತಿತ್ತು ನೋಡ್ರಿ, ಕುಸ್ತಿ ಪೈಲ್ವಾನನಂಗ!”

ಸೇಂದಿ! ಈಚಲ ಹೆಂಡ! ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗೊಲ್ಲಾಳಮ್ಮ ಕೊರಳಲ್ಲಿ ಲಿಂಗ ಕಟ್ಟಿದವಳು. ಪೂಜೆಯಾಗದೆ ಗುಟುಕು ನೀರು ಕುಡಿಯದವಳು. ಸೇಂದಿ ಅಂಗಡಿಯ ಓಣಿಯಲ್ಲಿ ಹಾಯ್ದು ಬಂದ ತಪ್ಪಿಗೇ ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಕೊಡ ನೀರು ಸುರಿದು ಒಳಗೆ ಕರೆದುಕೊಂಡವಳು!

“ಆಕಿಗೆ ಗೊತ್ತಾದ್ರ ರೊಟ್ಟಿ ಅಲ್ಲ, ಈ ಮನ್ಯಾಗ ನೀರೂ ಮುಟ್ಟಂಗಿಲ್ಲ” ಎಂದ ಪಂಪಣ್ಣ. “ಜ್ವರದಾಗ ಉಳದಾಕಿ ಸಿಟ್ಟಿನಾಗ ಹೋಗ್ತಾಳ. ಗೊತ್ತಾಗಬಾರದು. ನೀ ಹೋಗಿ ತಗೊಂಬಾ.”

“ನಾನ್ಯಾಕ?”

“ನನ್ನ ಮಾರಿ ಊರಿಗೆಲ್ಲ ಗೊತ್ತದ.”

“ನಂದೇನು ಮುಸುಕು ಹಾಕ್ಕೊಂಡು ತಿರಗತೀನೇನೋ?”

“ನಿಂದು ಮರೆಯೋ ಮಾರಿ. ಯಾರಿಗೂ ನೆನಪಿರಂಗಿಲ್ಲ.”

ಇಂಥ ಪ್ರಶಂಸೆಯನ್ನು ಕಟ್ಟಿಕೊಂಡು ನಾನು ಹೋದೆ. ತಂಬಿಗೆ ಶಾಲಿನ ಒಳಗೆ, ಶಾಲು ಕೊಡೆಯ ಒಳಗೆ, ಕೊಡೆ ಸುಡುಬಿಸಿಲಿನಲ್ಲಿ! ಅಂಗಡಿಯಲ್ಲಿ ಸಾಲಾಗಿ ಕುಳಿತವರಲ್ಲಿ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಮಾನಪ್ಪನಿದ್ದ. ತಟ್ಟನೆ ಎದ್ದು ನಿಂತ.

“ಶರಣ್ರಿ ಮಾಸ್ತರ! ಏ, ಮಾಸ್ತರಿಗೆ ಜಾಗ ಬಿಡ್ರೋ!”

“ಇಲ್ಲಪಾ, ಇದು… ಇದು ರೊಟ್ಟಿಗೆ.”

“ಹೌದ್ರಿ ಹೌದ್ರಿ, ನಾವೂ ರೊಟ್ಟಿ ಜೋಡಿನೇ ಕುಡಿಯೋದು!”

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನನ್ನ ಹೆಂಡತಿ ಶೇಖಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

“ಯಾವಾಗಿಂದ್ರಿ ಇದು?”

“ಏ, ನನಗಲ್ಲ! ಅದು ಪಂಪಣ್ಣನ ಹೆಂಡ್ತಿಗೆ!”

ಸತ್ಯ ಹೇಳಿದರೆ ಬಿಡುಗಡೆಯಾಗುತ್ತದೆಂದು ಮಕ್ಕಳಿಗೆ ಕಲಿಸಿದವನು ನಾನು. ಶೇಖಮ್ಮ ಎದೆ ಎದೆ ಬಡಿದುಕೊಂಡಳು. “ಅಯ್ಯ ಶಿವನೇ! ಜ್ವರದಾಕಿಗೆ ಸೇಂದಿ ಕುಡಸಾಕತ್ತೀರೇನು ಇಬ್ರೂ ಕೂಡಿ?”

ತಂಬಿಗೆಯನ್ನು ಪಂಪಣ್ಣನ ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ರಾಶಿಯ ಹಿಂದೆ ಬಚ್ಚಿಟ್ಟೆವು. ಮರುದಿನ ಬೆಳಿಗ್ಗೆ ಗೋಧಿ ಹಿಟ್ಟನ್ನು ತೆಳುಬಟ್ಟೆಯಲ್ಲಿ ಸೋಸಿದೆವು. ಪಂಪಣ್ಣ ತಂಬಿಗೆ ತಂದು, ಮುಚ್ಚಳ ತೆಗೆದು ಮೂಸಿ ನೋಡಿದ. ಮತ್ತೊಮ್ಮೆ ಮೂಸಿದ. ಅಡುಗೆಮನೆಯ ಕಡೆ ಒಮ್ಮೆ ನೋಡಿದ. “ಛಲೋ ಅದ” ಎಂದು ಹಿಟ್ಟಿಗೆ ಸುರಿದ. ನಾನೂ ಮೂಸಿದೆ. ನಶ್ಯ ಏರಿಸಿ ಏರಿಸಿ ನನ್ನ ಮೂಗು ಎಂದೋ ಅಲಂಕಾರಕ್ಕೆ ಮಾತ್ರ ಉಳಿದಿತ್ತು. “ಭಾಳ ಛಲೋ ಅದ” ಎಂದೆ.

ಹೀರೆಬಳ್ಳಿಯ ಚಪ್ಪರದ ನೆರಳಿನಲ್ಲಿ ಬೋಗುಣಿ ಇಟ್ಟು, ಹಸಿಬಟ್ಟೆ ಹೊದಿಸಿದೆವು. ಅದರ ಪಕ್ಕದಲ್ಲಿ ಪಂಪಣ್ಣ ಸ್ವಹಸ್ತದಿಂದ ಕಟ್ಟಿದ್ದ ಮಣ್ಣಿನ ಭಟ್ಟಿ. ಹೀರೆಯ ಅರ್ಧ ಪಾತಿ ಕಿತ್ತು, ಮಣ್ಣು ತುಳಿದು ಕಟ್ಟಿದ್ದ. ಗೋಳಗುಮ್ಮಟಕ್ಕೆ ಅವನ ಭಟ್ಟಿಯ ಮುಂದೆ ಅಂದು ಸ್ವಲ್ಪ ನಾಚಿಕೆಯಾಗಿರಬೇಕು!

ಮಧ್ಯಾಹ್ನ ಹೊರಳುವಾಗ ಪಂಪಣ್ಣ ಕೂಗಿದ. ಓಡಿ ಹೋದೆ. ಅವನು ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದ. ಹಸಿಬಟ್ಟೆಯ ಕೆಳಗೆ ಹಿಟ್ಟು, ಅಂಗಾತ ಮಲಗಿದ ಮನುಷ್ಯನಂತೆ ಕಾಣುವ ನಮ್ಮೂರ ಗುಡ್ಡದ ಹಾಗೆ, ಬೋಗುಣಿಯ ಅಂಚು ಮೀರಿ ಮಲಗಿತ್ತು. ಬಟ್ಟೆ ಮೆಲ್ಲಗೆ ಏಳುತ್ತಿದ್ದಂತೆ ನನಗೂ ಕಂಡಿತು.

“ಭಗವಂತಾ, ಒಳಗ ಯಾರೋ ಉಸಿರಾಡಾಕತ್ತಾರ!” ಎಂದ ಪಂಪಣ್ಣ.

ಓದಿದ್ದನ್ನೆಲ್ಲ ಬದಿಗಿಟ್ಟು ನಾನೂ ಚಪ್ಪಲಿ ಬಿಟ್ಟೆ.

ಅಷ್ಟರಲ್ಲಿ, ಒಂದು ತುಂಡು ಮೋಡವೂ ಇಲ್ಲದ ಆಕಾಶ, ಎಲ್ಲಿಂದಲೋ ಒಂದನ್ನು ಎರವಲು ತಂದು ನಮ್ಮ ಹಿತ್ತಲ ಮೇಲೆ ಸುರಿಯಿತು! ಇದ್ದದ್ದು ಒಂದೇ ಕೊಡೆ.

“ಹಿಟ್ಟಿಗೆ ಹಿಡಿ! ಹಿಟ್ಟಿಗೆ ಹಿಡಿ!” ಎಂದು ಪಂಪಣ್ಣ ಅರಚಿದ. ನಾನು ಹಿಟ್ಟಿಗೆ ಕೊಡೆ ಹಿಡಿದೆ, ರಾಜರಿಗೆ ಛತ್ರಿ ಹಿಡಿಯುವವರಂತೆ. ಭಟ್ಟಿ ಕರಗತೊಡಗಿತು. ಪಂಪಣ್ಣ ಅತ್ತ ನೋಡಿದ, ಇತ್ತ ನೋಡಿದ, ಸರ್ರನೆ ತನ್ನ ಧೋತರ ಬಿಚ್ಚಿ ಭಟ್ಟಿಗೆ ಹೊದಿಸಿದ! ಚಡ್ಡಿಯಲ್ಲಿ ನಿಂತು ಎರಡೂ ಕೈಯಿಂದ ಗುಮ್ಮಟವನ್ನು ಅಪ್ಪಿಕೊಂಡ. ಅದು ಅವನ ತೋಳಿನಲ್ಲೇ ಕುಸಿಯಿತು. ಗೋಡೆಯ ಮೇಲೆ ಮಕ್ತುಂಬಿಯ ತಲೆ ಮೂಡಿ, “ತೋಬಾ ತೋಬಾ!” ಎಂದು ಮುಳುಗಿತು. ಸಂಜೆಯ ಹೊತ್ತಿಗೆ ಊರಿಗೆ ಪೂರ್ತಿ ಸುದ್ದಿ ಸಿಕ್ಕಿತ್ತು: ಇಬ್ಬರು ಮಾಸ್ತರರು ಸೇಂದಿ ಕುಡಿದು, ಬತ್ತಲೆಯಾಗಿ ಮಳೆಯಲ್ಲಿ ಕುಣಿದರಂತೆ!

ಮಳೆ ಬಂದಷ್ಟೇ ಅವಸರದಲ್ಲಿ ಹೋಯಿತು. ಹಿಟ್ಟು ಉಳಿದಿತ್ತು, ಭಟ್ಟಿ ಉಳಿದಿರಲಿಲ್ಲ. ಒಳಗಿನಿಂದ ಗೊಲ್ಲಾಳಮ್ಮನ ಸಣ್ಣ ದನಿ ಬಂತು. “ಜ್ವಾಳದ ಹರವಿ ಖಾಲಿ ಅದ. ಅಡ್ಡ ಮಲಗಿಸಿ ನೋಡ್ರಿ.”

ಆ ದೊಡ್ಡ ಮಣ್ಣಿನ ಹರವಿಯನ್ನು ಅಡ್ಡ ಮಲಗಿಸಿ, ಒಳಗೆ ಬೆಂಕಿ ಮಾಡಿ, ಕೆಂಡ ಎಳೆದು ಹಿಟ್ಟು ಇಟ್ಟೆವು. ಹೊರಗೆ ಬಂದ ರೊಟ್ಟಿಯ ಮೇಲುಭಾಗ ಕಪ್ಪು, ಕೆಳಭಾಗ ಕಲ್ಲು. ಪಂಪಣ್ಣ ನಡುವೆ ಸೀಳಿದ. ಒಳಗೆ ಬಿಳಿ ಬಿಳಿ, ಲೆಕ್ಕವಿಲ್ಲದಷ್ಟು ಸಣ್ಣ ತೂತುಗಳು. ಅವನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇದರಾಗ ಗಾಳಿ ಮನಿ ಕಟ್ಕೊಂಡದಲ್ಲೋ!”

ಹಾಲಿನಲ್ಲಿ ನೆನೆಸಿ ಗೊಲ್ಲಾಳಮ್ಮನ ಬಾಯಿಗಿಟ್ಟ. ಅವಳು ಮೆಲ್ಲಗೆ ನುಂಗಿದಳು. ನಾವಿಬ್ಬರೂ ಅವಳ ಗಂಟಲನ್ನೇ ನೋಡುತ್ತ ನಿಂತಿದ್ದೆವು.

“ಹಂಗ್ಯಾಕ ನೋಡ್ತೀರಿ? ಇನ್ನೊಂದು ತುತ್ತು ಹಾಕ್ರಿ.”

ಪಂಪಣ್ಣ ಹಿತ್ತಲಿಗೆ ಹೋಗಿ ಆರಿದ ಬೂದಿಯ ಮುಂದೆ ನಿಂತು ಕಣ್ಣೊರೆಸಿಕೊಂಡ. “ಭಾಳ ಹೊಗಿ” ಎಂದ. ಹೊಗೆ ಎಲ್ಲಿತ್ತೋ!

ಗೊಲ್ಲಾಳಮ್ಮ ಎದ್ದು ಓಡಾಡುವಂತಾದಳು. ಡಬಲ್ ರೊಟ್ಟಿ ಮಾತ್ರ ನಿಲ್ಲಲಿಲ್ಲ. ಪ್ರತಿ ವರ್ಷ ಪಂಪಣ್ಣ ಭಟ್ಟಿ ಕಟ್ಟುತ್ತಿದ್ದ, ಪ್ರತಿ ವರ್ಷ ಮಳೆ ಹೇಳದೆ ಕೇಳದೆ ಬಂದು ಕೆಡವುತ್ತಿತ್ತು. ಪ್ರತಿ ಸಲವೂ ಸೇಂದಿ ತರುವವನು ನಾನೇ. ‘ಸೇಂದಿ ಮಾಸ್ತರ’ ಎಂಬ ಬಿರುದು ನನ್ನ ಹೆಸರನ್ನು ಪೂರ್ತಿ ನುಂಗಿಹಾಕಿತು. ಇದರ ನಡುವೆ ಇನ್ನೊಂದು ವಿಸ್ಮಯ: ಆ ಹಿತ್ತಲ ಹೀರೆಕಾಯಿ! ಊರಿನ ಬಳ್ಳಿಗಳೆಲ್ಲ ಬಿಸಿಲಿಗೆ ಸೊರಗಲಿ, ಮಳೆಗೆ ಕೊಳೆಯಲಿ, ಇಲ್ಲಿ ಮಾತ್ರ ಮೊಳದುದ್ದದ ಕಾಯಿ, ಅದೂ ಅಮಲೇರಿದವರ ಹಾಗೆ ಚಪ್ಪರದಿಂದ ತೂಗಾಡುತ್ತ! ಬೀಜ ಕೇಳಿ ಒಯ್ದವರಿಗೆ ಆ ಕಾಯಿ ಬರಲಿಲ್ಲ. ನಾನು ಓದಿದವನಾದ್ದರಿಂದ ಭಟ್ಟಿಯ ಬೂದಿಯಲ್ಲಿ ಸಸ್ಯಗಳಿಗೆ ಬೇಕಾದ ಲವಣಗಳಿವೆಯೆಂದು ಎಲ್ಲರಿಗೂ ವಿವರಿಸುತ್ತಿದ್ದೆ. ಪಂಪಣ್ಣ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಪಂಪಣ್ಣ ಮಣ್ಣಾದ ಮೂರನೆಯ ದಿನ ಅವನ ಮನೆಗೆ ಹೋದೆ. ಗೊಲ್ಲಾಳಮ್ಮ ಹಿತ್ತಲ ಬಾಗಿಲಲ್ಲಿ ಕುಳಿತಿದ್ದಳು.

“ಅಣ್ಣಾರ, ನಿಮಗೊಂದು ಮಾತು ಹೇಳಬೇಕು. ಸಿಟ್ಟಾಗಬ್ಯಾಡ್ರಿ. ಅವರ ರೊಟ್ಟ್ಯಾಗ ಒಂದು ದಿನಾನೂ ಸೇಂದಿ ಬಿದ್ದಿಲ್ಲ.”

“ಏನು?”

“ನೀವು ಮೊದಲ ಸಲ ತಂದ ದಿನಾನೇ ಶೇಖಮ್ಮಕ್ಕ ಅಳಕೋತ ಬಂದು ಹೇಳಿದ್ರು, ಯವ್ವಾ, ನಿನಗ ಸೇಂದಿ ಕುಡಸ್ತಾರ, ಹುಷಾರ್ ಅಂತ. ಗ್ವಾಡಿ ಹಿಡಕೊಂಡು ಹಿತ್ತಲಿಗೆ ಬಂದೆ. ತಂಬಿಗಿ ಸಿಕ್ತು. ಹೀರಿಬಳ್ಳಿ ಬುಡಕ್ಕ ಸುರುವಿದೆ. ಖಾಲಿ ತಂಬಿಗಿ ಕಂಡ್ರ ಅವರ ಮಾರಿ ಬಾಡ್ತದಲ್ಲ, ಅದಕ್ಕ ಗಡಿಗ್ಯಾಗ ಹುಳಿಬಂದ ಅಂಬಲಿ ಇತ್ತು, ಅದರ ತಿಳಿ ತುಂಬಿಸಿಟ್ಟೆ. ಹಿಟ್ಟು ಏಳ್ತದಂತ ನನಗೇನು ಗೊತ್ತಿತ್ತು! ಎದ್ದು ಕುಂತದ್ದು ನೋಡಿ ನಾನೂ ಗಾಬರಿಯಾದೆ. ಒಮ್ಮೆ ಎದ್ದ ಮ್ಯಾಲ ಬಿಡೋದು ಹ್ಯಾಂಗ? ಪ್ರತಿ ಸಲ ಅದನ್ನೇ ಮಾಡ್ದೆ.”

ಇಷ್ಟು ವರ್ಷ! ಇಷ್ಟು ವರ್ಷ ನಾನು ಮಾನ ಮರ್ಯಾದೆಯನ್ನು ಶಾಲಿನಲ್ಲಿ ಸುತ್ತಿ, ಕೊಡೆ ಹಿಡಿದು ಸೇಂದಿ ಹೊತ್ತದ್ದು ಒಂದು ಹೀರೆಬಳ್ಳಿಗೆ!

“ಅವರಿಗೆ ಗೊತ್ತಾಗಲಿಲ್ಲ” ಎಂದಳು. “ತಾವು ಗೆದ್ದೆ ಅಂತನೇ ತಿಳಕೊಂಡು ಹೋದ್ರು. ಇರಲಿ ಬಿಡ್ರಿ. ಕಡೀ ಭಾನುವಾರ ಮಾತ್ರ ತಂಬಿಗಿ ಖಾಲಿನೇ ಇತ್ತು. ನೀವು ತರೋದು ಮರ್ತಿದ್ರೇನು?”

ನಾನು ಹೀರೆಬಳ್ಳಿಯ ಬುಡ ನೋಡಿದೆ.

“ಹೌದು ತಂಗಿ. ಮರ್ತಿದ್ದೆ.”

ಮರೆತಿರಲಿಲ್ಲ. ಕನ್ನಡ ನಾಡು ಒಂದಾಗಿ ಇನ್ನೂ ತಿಂಗಳಾಗಿರಲಿಲ್ಲ. ಅದರ ಸಂತೋಷಕ್ಕೆ ಶಾಲೆಯ ಹುಡುಗರಿಗೆಲ್ಲ ಡಬಲ್ ರೊಟ್ಟಿ ಹಂಚುತ್ತೇನೆಂದು ಪಂಪಣ್ಣ ಹೊರಟಿದ್ದ. ಭಾನುವಾರ ಸಂಜೆ ತುಂಬಿದ ತಂಬಿಗೆಯನ್ನು ನಾನೇ ಅವನ ಕೈಗೆ ಕೊಟ್ಟೆ. ಗೊಲ್ಲಾಳಮ್ಮ ಮಠಕ್ಕೆ ಹೋಗಿದ್ದಳು. ಕಾರ್ತಿಕದಲ್ಲಿ ಬರಬಾರದ ಮಳೆ ಮಧ್ಯಾಹ್ನದಿಂದ ಜಿನುಗುತ್ತಿತ್ತು. ಹಿತ್ತಲೆಲ್ಲ ಕಾಲು ಜಾರುವ ಎರೆಮಣ್ಣಿನ ಕೆಸರು. ಪಂಪಣ್ಣ ಎದೆ ಒತ್ತಿಕೊಂಡು ಕುಳಿತಿದ್ದ.

“ಭಾಳ ರಾಡಿ ಆಗ್ಯಾದ. ಆಕಿ ಮೊನ್ನೆನೇ ಜಾರಿ ಬಿದ್ದಾಳ” ಎಂದ. “ನೀ ಹೋಗು, ಮಳಿ ಜೋರಾಗ್ತದ.”

ಹೊರಟೆ. ಹಿತ್ತಲ ಬಾಗಿಲು ದಾಟುವಾಗ ತಿರುಗಿ ನೋಡಿದರೆ, ಅವನು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಊರುತ್ತ ಹೀರೆಬಳ್ಳಿಯ ಹತ್ತಿರ ಹೋಗಿ, ಬುಡಕ್ಕೆ ತಂಬಿಗೆ ಬಗ್ಗಿಸುತ್ತಿದ್ದ. ನೀರೆಂದುಕೊಂಡೆ. ನಗು ಬಂತು.

“ಏ ಪಂಪಣ್ಣಾ, ಮಳಿ ಬರಾಕತ್ತದ, ಬಳ್ಳಿಗೆ ನೀರ್ಯಾಕೋ?”

“ಅದಕ್ಕ ರೂಢಿ ಬಿದ್ದದ” ಎಂದ.

ಕೊನೆಯ ಹನಿ ಬೀಳುವವರೆಗೂ ಕಾದ. ಆಮೇಲೆ ತಂಬಿಗೆಯನ್ನು ಧೋತರದ ಅಂಚಿನಿಂದ ಒರೆಸಿ, ಕಟ್ಟಿಗೆಯ ಹಿಂದೆ ಎಂದಿನ ಜಾಗದಲ್ಲಿ, ಕೆಸರಿಗೆ ಇಳಿಯದೆ ಅವಳ ಕೈಗೆ ಎಟುಕುವ ಹಾಗೆ, ಇಟ್ಟು ಒಳಗೆ ಹೋದ.